ವಾಸಣ್ಣ ಕೊರೆಯದ ಗುರುತು

ಶಟರ್ ಇಳಿದ ಸದ್ದು — ಕಿರ್ರೆಂದು ಅರ್ಧಕ್ಕೆ ನಿಂತು, ಆಮೇಲೆ ಧಡ್ಡೆಂದು ನೆಲಕ್ಕೆ ಬಡಿದದ್ದು. ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕಿದ್ದ ವಾಸಣ್ಣನ ವಾಚ್ ರಿಪೇರಿ ಅಂಗಡಿ ಮುಚ್ಚಿದ್ದು ಹಾಗೆ. ಮುಚ್ಚಿಸಿದವಳು ನಾನು. ಆತ ಕಳ್ಳನಲ್ಲ. ಆತನನ್ನು ಕಳ್ಳನೆಂದು ನಂಬಿದ ನಮ್ಮೂರವರು ಯಾರಾದರೂ ಇದನ್ನು ಓದುತ್ತಿದ್ದರೆ — ಪ್ಲೀಸ್, ಆ ವಾಕ್ಯವನ್ನು ಇನ್ನೊಮ್ಮೆ ಓದಿ.

ವಾಚು ನನ್ನ ಮಾವನದು. ಅವರು ಅಡುಗೆಗಿದ್ದ ಮನೆಯ ಪಾರ್ಸಿ ಸಾಹೇಬರು ತಮ್ಮ ಕೈಯಿಂದಲೇ ಬಿಚ್ಚಿ ಕೊಟ್ಟ ಸ್ವಿಸ್ ವಾಚು. ಮಾವನ ನಂತರ ಗಂಡನಿಗೆ ಬಂತು. ಅದನ್ನು ಸರ್ವಿಸ್‌ಗೆ ಒಯ್ಯುವಾಗ ನಾನೂ ಜೊತೆಗೆ ಹೋಗುತ್ತಿದ್ದೆ, ವಾಸಣ್ಣನ ಮಾತು ಕೇಳಲು. ಕುಂದಾಪುರದ ಕಡೆಯವ, ಓದಿದ್ದು ಏಳನೇ ಕ್ಲಾಸು. ಆದರೆ ಆ ವಾಚು ಮಾಡಿದ ಕಂಪನಿಯ ಹೆರಿಟೇಜ್ ಅವನ ಬಾಯಲ್ಲೇ ಕೇಳಬೇಕು. ಹಿಮ ಬಿದ್ದು ಹೊಲಕ್ಕೆ ಹೋಗಲಾಗದ ತಿಂಗಳುಗಳಲ್ಲಿ ಅಲ್ಲಿಯ ಸ್ವಿಸ್ ಕಣಿವೆಯ ರೈತರು ಕಿಟಕಿ ಪಕ್ಕ ಕೂತು ವಾಚಿನ ಚಕ್ರ ಉಜ್ಜುತ್ತಿದ್ದರಂತೆ. "ನಮ್ಮಲ್ಲಿ ಬೀಡಿ ಕಟ್ಟುದಿಲ್ವಾ ಅಕ್ಕ, ಹಾಗೆ. ಮನೆಮನೆಯಲ್ಲಿ." ವಾಚು ತೆರೆದವನು ಮುಚ್ಚಳದ ಒಳಗೆ ಸೂಜಿಯಲ್ಲಿ ತನ್ನ ಗುರುತು, ತಾರೀಕು ಕೊರೆಯಬೇಕು — ಅದು ಆ ಕಸುಬಿನ ಮರ್ಯಾದೆ. ವಾಸಣ್ಣ ಒಮ್ಮೆಯೂ ತಪ್ಪಿಸಲಿಲ್ಲ.

"ನೀರು ಮಾತ್ರ ತಾಗಿಸ್ಬೇಡಿ ಅಕ್ಕ. ಡಯಲ್ ಹಳದಿ ಆಯ್ತಂತ ಬೇಜಾರ್ ಬೇಡ. ಒರಿಜಿನಲ್ ಅದು. ಇದ್ರ ಜೀವ ಇರುದೇ ಅಲ್ಲಿ."

ಎರಡು ಸಾವಿರದ ಹತ್ತರ ಸುಮಾರಿನ ಆಯುಧಪೂಜೆ. ಗಂಡ ಊರಿಗೆ ಹೋಗಿದ್ದರು. ನಮ್ಮ ಹೋಟೆಲಿನ ಕತ್ತಿ, ಸಟ್ಟುಗಗಳ ಜೊತೆ ಈ ವಾಚನ್ನೂ ದೇವರ ಮುಂದಿಡುವುದು ಮಾವನ ಕಾಲದ ಪದ್ಧತಿ. ವಾಚಿನ ಪಕ್ಕದ ಕೀಲಿ ಹೊರಗೆಳೆದು ಟೈಮ್ ಸರಿಮಾಡಿದೆ, ಅದನ್ನು ಮತ್ತೆ ಒಳಗೊತ್ತಲು ಮರೆತೆ. ಕುಂಕುಮ ಹಚ್ಚಿ, ಕಲಶದ ನೀರು ಪ್ರೋಕ್ಷಿಸಿದೆ — ಎಲ್ಲದರ ಮೇಲೂ, ಧಾರಾಳವಾಗಿ. ಮರುದಿನ ಗಾಜಿನೊಳಗೆ ಹಬೆ. ನಾಲ್ಕು ದಿನದಲ್ಲಿ ಡಯಲಿನ ಮೇಲಿದ್ದ ಕಂಪನಿಯ ಹೆಸರೇ ಅರ್ಧ ಎದ್ದುಹೋಯಿತು.

ವಾಸಣ್ಣನ ಬಳಿ ಹೋಗಬಹುದಿತ್ತು. ಗಂಡನಿಗೆ ತಿಳಿಯುತ್ತದೆಂದು ಹೋಗಲಿಲ್ಲ. ಕಾನ್ವೆಂಟಿನಲ್ಲಿ ಕಲಿತ ಸೊಸೆ ಆ ಮನೆಗೆ ನಾನೊಬ್ಬಳೇ. ಕೇರ್‌ಲೆಸ್ ಅನ್ನಿಸಿಕೊಳ್ಳುವುದೆಂದರೆ... ಅಷ್ಟೇ, ಆ ಒಂದು ಪದಕ್ಕೆ ಹೆದರಿದೆ. ಕಲ್ಯಾಣದ ಪೇಟೆಯಲ್ಲಿ ಒಬ್ಬ ರಿಪೇರಿಯವ ಡಯಲನ್ನು ಉಜ್ಜಿ ಹೊಸದಾಗಿ ಪೇಂಟ್ ಮಾಡಿಕೊಟ್ಟ. ಅವನು ಯಾವ ಗುರುತನ್ನೂ ಕೊರೆಯಲಿಲ್ಲ.

"ಇದೇನು, ವಾಚು ಪ್ರಾಯಕ್ಕೆ ಬಂದ ಹಾಗುಂಟಲ್ಲ ಮಾರಾಯ್ತಿ?" ಎಂದರು ಗಂಡ.

"ವಾಸಣ್ಣ ಕ್ಲೀನ್ ಮಾಡಿಕೊಟ್ಟ" ಎಂದೆ.

ಕೆಲವು ತಿಂಗಳ ನಂತರ ಹಳೆಯ ವಾಚುಗಳನ್ನು ಸಂಗ್ರಹಿಸುವ ವಾಶಿಯ ಹುಡುಗನೊಬ್ಬ ಮನೆಗೆ ಬಂದ. ಭೂತಗಾಜಿನಲ್ಲಿ ನೋಡಿ ತಲೆಯಾಡಿಸಿದ. "ಅಂಕಲ್, ಯೇ ಡಯಲ್ ಡುಪ್ಲಿಕೇಟ್ ಹೈ. ಒರಿಜಿನಲ್ ತೋ ಕಿಸೀನೇ ನಿಕಾಲ್ ಲಿಯಾ." ಅಸಲಿ ಡಯಲನ್ನು ಯಾರೋ ತೆಗೆದುಕೊಂಡುಬಿಟ್ಟಿದ್ದಾರಂತೆ.

ಗಂಡ ಆ ಸಂಜೆಯೇ ಅಂಗಡಿಗೆ ನುಗ್ಗಿದರು, ಹಿಂದಿನಿಂದ ನಾನು. ವಾಸಣ್ಣ ಮುಚ್ಚಳ ತೆರೆದು ತೋರಿಸಿದ — ಅವನ ಕೊನೆಯ ಗುರುತು ಹಿಂದಿನ ವರ್ಷದ್ದು. "ನಾನು ತೆರೆದಿದ್ರೆ ಇಲ್ಲಿ ಇರ್ತಿತ್ತು ಅಣ್ಣ."

"ಕದಿಯುವವ ಸೈನ್ ಹಾಕ್ತಾನಾ?" ಎಂದರು ಗಂಡ. ಸುತ್ತ ನಿಂತಿದ್ದ ನಮ್ಮ ಜನ ನಕ್ಕರು.

ವಾಸಣ್ಣ ನನ್ನತ್ತ ತಿರುಗಿದ. "ಅಕ್ಕ, ನೀವು ಹೇಳಿ. ಅದ್ರ ನಂತ್ರ ಇದನ್ನು ನನ್ನತ್ರ ತಂದದ್ದುಂಟಾ?"

"ತಂದಿದ್ದೆನಲ್ಲ" — ನಾನು ಹೇಳಿದ್ದು ಇಷ್ಟೇ.

ಅವನು ವಾಚಿನ ಮುಚ್ಚಳವನ್ನು ಒತ್ತಿ ಮುಚ್ಚಿದ. ನನ್ನ ಮುಖ ನೋಡಿದ, ಅವನಿಗೆ ಅರ್ಥವಾಯಿತು. ಎಲ್ಲವೂ. ಎರಡು ತಿಂಗಳೊಳಗೆ ಯಾರೂ ಅವನ ಕೈಗೆ ವಾಚು ಕೊಡದಾದರು. ಕೊನೆಗಾಲದಲ್ಲಿ ಗಂಡ ಆಸ್ಪತ್ರೆಯಲ್ಲಿದ್ದ ಇಪ್ಪತ್ತು ದಿನ ಹೇಳಬಹುದಿತ್ತು — ಹೇಳಲಿಲ್ಲ. ಅವನನ್ನು ಕಳ್ಳನೆಂದುಕೊಂಡೇ ಅವರು ಹೋದರು. ಈಗ ದಿವಾ, ಭಿವಂಡಿ ಎಲ್ಲ ಕಡೆ ವಿಚಾರಿಸಿದ್ದೇನೆ. ವಾಸಣ್ಣನ ಸುಳಿವಿಲ್ಲ. ಇದನ್ನು ಓದಲು ಅವನು ಇದ್ದಾನೋ ಇಲ್ಲವೋ — ಅದೂ ಗೊತ್ತಿಲ್ಲ.

ಅವನನ್ನು ಕೊನೆಯ ಸಲ ನೋಡಿದ್ದು ಠಾಣೆ ರೈಲ್ವೆ ಸ್ಟೇಷನ್ನಿನ ಪ್ಲಾಟ್‌ಫಾರ್ಮಿನಲ್ಲಿ, ಗಂಡ ಹೋದ ಮರುವರ್ಷ. ಯಾವುದೋ ಗೋಡೌನಿನ ವಾಚ್‌ಮನ್ ಯೂನಿಫಾರ್ಮ್. "ಅಣ್ಣ ಹೋದದ್ದು ಗೊತ್ತಾಯ್ತು" ಎಂದ. "ಬರ್ಲಿಕ್ಕೆ ಮನಸ್ಸಿತ್ತು. ಜನ ಏನು ಹೇಳ್ತಾರೋ ಅಂತ..." ಹೇಳಬೇಕಾದದ್ದು ನನ್ನ ಗಂಟಲಿಗೆ ಬಂತು. ಗಾಡಿಯೂ ಬಂತು. "ಆಜೀ ಕೋ ಚಢನೇ ದೋ" ಎಂದು ಗುಂಪನ್ನು ಸರಿಸಿ ನನ್ನನ್ನು ಲೇಡೀಸ್ ಡಬ್ಬಿಗೆ ಹತ್ತಿಸಿದ. ಗಾಡಿ ಹೊರಟಾಗ ಕೆಳಗೆ ಬಿದ್ದಿದ್ದ ನನ್ನ ಕೊಡೆ ಹಿಡಿದು ಓಡೋಡಿ ಬಂದು, ಬಾಗಿಲಲ್ಲಿದ್ದವರ ಕೈಗೆ ಕೊಟ್ಟ. ಅದನ್ನು ತೆಗೆದುಕೊಂಡೆ. ಅವನ ಕಡೆ ನೋಡಿ, ಥ್ಯಾಂಕ್ಯೂ ಎಂದೆ.