ಪರದೆಯಕ್ಕನ ‘ಇರಲಿ’ ಫೋಲ್ಡರ್

ಬೆಳಗಿನ ಐದೂಮುಕ್ಕಾಲು. ಗ್ರಂಥಾಲಯದ ಎರಡನೇ ಮಹಡಿಯ ಸಭಾಂಗಣದ ಬಾಗಿಲು ಸುಮ್ಮನೆ ತೆರೆದುಕೊಳ್ಳುವ ಜಾತಿಯದಲ್ಲ. ಎಡಗೈಯಿಂದ ಹಿಡಿಕೆಯನ್ನು ಮೇಲಕ್ಕೆತ್ತಬೇಕು, ಮೊಣಕಾಲಿನಿಂದ ಕೆಳಗೊಂದು ಗುದ್ದು ಕೊಡಬೇಕು, ಆಮೇಲೆ ಕೀಲಿ ತಿರುಗಿಸಬೇಕು. ಐವತ್ತನಾಲ್ಕು ವರ್ಷದ ಆ ಹೆಂಗಸು ಈ ಮೂರನ್ನೂ ಒಂದೇ ಉಸಿರಿನಲ್ಲಿ ಮಾಡಿ ಒಳಗೆ ಹೋಗುತ್ತಾರೆ. ಬಾಗಿಲಿಗಾದರೆ ಒಂದು ಮೊಣಕಾಲು ಸಾಕು, ಮೆಟ್ಟಿಲಿಗೆ ಎರಡೂ ಬೇಕು ಎಂದು ಗೊಣಗುತ್ತಾ ನೋಯುವ ಕಾಲನ್ನು ಒಮ್ಮೆ ನೀವಿಕೊಳ್ಳುತ್ತಾರೆ. ಮೆಟ್ಟಿಲು ನಲವತ್ತೆರಡು. ಲಿಫ್ಟ್ ಇಲ್ಲ.

ಇವತ್ತು ತಿಂಗಳ ಮೊದಲ ಭಾನುವಾರ. ಪಕ್ಷಿವೀಕ್ಷಕರ ಸಂಘದವರು ಈ ಹೊತ್ತಿಗೆ ಊರಾಚೆಯ ಕೊಳಚೆನೀರು ಶುದ್ಧೀಕರಣದ ಹೊಂಡಗಳ ದಂಡೆಯಲ್ಲಿ ದುರ್ಬೀನು ಹಿಡಿದು ನಿಂತಿರುತ್ತಾರೆ. ಹತ್ತು ಗಂಟೆಗೆ ಇಲ್ಲಿಗೆ ಬಂದು, ತೆಗೆದ ಫೋಟೊಗಳನ್ನು ಪರದೆಯ ಮೇಲೆ ನೋಡುತ್ತಾರೆ, ಯಾರಾದರೊಬ್ಬರ ಭಾಷಣ ಕೇಳುತ್ತಾರೆ, ವಾದ ಮಾಡುತ್ತಾರೆ, ಚಹಾ ಕುಡಿದು ಮನೆಗೆ ಹೋಗುತ್ತಾರೆ. ಅಷ್ಟರೊಳಗೆ ನೆಲ ಒರೆಸಿ, ನಲವತ್ತಾರು ಕುರ್ಚಿ ಹಾಕಿ, ಆರು ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿ, ಪರದೆ ಇಳಿಸಿ, ಪ್ರೊಜೆಕ್ಟರಿನ ಕಣ್ಣು ಒರೆಸಿ ಇಡುವುದು ಈ ಹೆಂಗಸಿನ ಕೆಲಸ. ಹದಿನಾರು ವರ್ಷದಿಂದ ಇದನ್ನೇ ಮಾಡುತ್ತಿರುವುದರಿಂದ ಸಂಘದವರೆಲ್ಲ ಇವರನ್ನು ‘ಪರದೆಯಕ್ಕ’ ಎಂದು ಕರೆಯುತ್ತಾರೆ. ಹೆಸರು ಕೇಳಿದರೆ ಅರ್ಧ ಜನ ತಲೆ ಕೆರೆದುಕೊಳ್ಳುತ್ತಾರೆ.

ಇವತ್ತು ಮಾತ್ರ ಪರದೆಯಕ್ಕನ ಕೈ ಒಂದೇ ಕಡೆ ನಿಲ್ಲುತ್ತಿಲ್ಲ. ಹಾಕಿದ ಕುರ್ಚಿಯನ್ನೇ ಮತ್ತೆ ಸರಿಸುತ್ತಾರೆ. ಕಂಪ್ಯೂಟರಿನ ಮುಂದೆ ಕೂತು, ಇವತ್ತು ಎಲ್ಲದರ ಕೊನೆಗೆ ತೋರಿಸಲೆಂದು ಇಟ್ಟ ಮೂರು ಚಿತ್ರಗಳನ್ನು ಮೂರನೇ ಸಲ ನೋಡುತ್ತಾರೆ. ಅವು ಇವತ್ತು ಸದಸ್ಯರು ತಂದುಕೊಡುವಂಥವಲ್ಲ. ಅವರೇ ಸೇರಿಸಿದವು.

“ಈ ವಯಸ್ಸಲ್ಲಿ ಪರೀಕ್ಷೆಗೆ ಕೂತ ಹಾಗಾಗಿದೆ ನೋಡಿ” ಎನ್ನುತ್ತಾರೆ.

ಈ ಸಂಘಕ್ಕೆ ಎರಡು ಕಟ್ಟುಪಾಡುಗಳಿವೆ. ಮೊದಲನೆಯದು ಚೀಟಿ. ಪರದೆಯ ಮೇಲೆ ಬರುವ ಯಾವ ಚಿತ್ರಕ್ಕೂ ಹಕ್ಕಿಯ ಹೆಸರಿರುವುದಿಲ್ಲ, ತೆಗೆದವರ ಹೆಸರೂ ಇರುವುದಿಲ್ಲ. ಎಲ್ಲರೂ ಬಾಯಿ ಮುಚ್ಚಿಕೊಂಡು, ತಮಗೆ ಕಂಡ ಹಕ್ಕಿ ಯಾವುದೆಂದು ಚೀಟಿಯಲ್ಲಿ ಬರೆಯಬೇಕು. ಗೊತ್ತಾಗದಿದ್ದರೆ ಗೊತ್ತಾಗಲಿಲ್ಲ ಎಂದೇ ಬರೆಯಬೇಕು. ದೊಡ್ಡವರು ಬಾಯಿ ಬಿಟ್ಟರೆ ಚಿಕ್ಕವರೆಲ್ಲ ಹೌದೆನ್ನುತ್ತಾರೆ, ಅದು ಆಗಬಾರದು ಎಂದು ಸ್ಥಾಪಕರು ಮಾಡಿಟ್ಟ ಪದ್ಧತಿ ಇದು. ಎರಡನೆಯದು ಪುಸ್ತಕ. ಊರಿನಲ್ಲಿ ಕಂಡ ಹಕ್ಕಿಗಳನ್ನೆಲ್ಲ ದಾಖಲಿಸುವ ದಪ್ಪ ಪುಸ್ತಕವೊಂದು ಬೀರುವಿನಲ್ಲಿದೆ. ಇಲ್ಲಿಯವರೆಗೆ ಇನ್ನೂರ ಹನ್ನೆರಡು ಹಕ್ಕಿಗಳು ಅದರಲ್ಲಿ ಸೇರಿವೆ. ಫೋಟೊ ಇಲ್ಲದ ಹಕ್ಕಿಗೆ ಆ ಪುಸ್ತಕದಲ್ಲಿ ಜಾಗವಿಲ್ಲ.

ಫೋಟೊ ಸಂಗ್ರಹಿಸುವುದಕ್ಕೆ ಪರದೆಯಕ್ಕ ಬಳಸುವುದು ಮೊಟ್ಟೆ ಇಡುವ ರಟ್ಟಿನ ತಟ್ಟೆ. ಬಂದವರು ತಮ್ಮ ಕ್ಯಾಮೆರಾದ ಕಾರ್ಡನ್ನು ಒಂದೊಂದು ಗುಳಿಯಲ್ಲಿ ಇಡುತ್ತಾರೆ. ಯಾವ ಗುಳಿ ಯಾರದೆಂದು ಪರದೆಯಕ್ಕ ನೆನಪಿಟ್ಟುಕೊಂಡು, ಒಬ್ಬೊಬ್ಬರ ಮೂರು ಚಿತ್ರಗಳನ್ನು ಕಂಪ್ಯೂಟರಿಗೆ ಹಾಕಿಕೊಳ್ಳುತ್ತಾರೆ. ಹೀಗೆ ಸೇರಿದ ಚಿತ್ರಗಳು ಈಗ ಹದಿನಾಲ್ಕು ಸಾವಿರ ದಾಟಿವೆ. ಇವಲ್ಲದೆ ಇನ್ನೊಂದು ಎರಡು ಸಾವಿರದಷ್ಟು ಚಿತ್ರಗಳು ಬೇರೆಯೇ ಒಂದು ಫೋಲ್ಡರಿನಲ್ಲಿವೆ. ಅಲುಗಾಡಿದವು, ಮಸುಕಾದವು, ಹಕ್ಕಿ ಹಾರಿಹೋಗಿ ಬರೀ ಕೊಂಬೆ ಉಳಿದವು, “ಇದು ಬೇಡ, ತೆಗೆದುಬಿಡಿ” ಎಂದು ಸದಸ್ಯರು ಹೇಳಿದವು. ಆ ಫೋಲ್ಡರಿಗೆ ಪರದೆಯಕ್ಕ ಇಟ್ಟಿರುವ ಹೆಸರು ‘ಇರಲಿ’.

ಆ ಬುದ್ಧಿ ಬಂದದ್ದು ಸ್ಟುಡಿಯೊದಿಂದ. ಇಪ್ಪತ್ತರ ವಯಸ್ಸಿನಿಂದ ಮೂವತ್ತೆಂಟರವರೆಗೆ ಅವರು ಒಂದು ಫೋಟೊ ಸ್ಟುಡಿಯೊದಲ್ಲಿ ಚಿತ್ರಗಳ ಅಂಚು ಕತ್ತರಿಸುವ ಕೆಲಸದಲ್ಲಿದ್ದರು. “ಗುಂಪಿನ ಫೋಟೊ ಅಂದ್ರೆ ಮೂರು ಸಲ ತೆಗೀಲೇಬೇಕು. ಒಂದರಲ್ಲಿ ಯಾರೋ ಕಣ್ಣು ಮುಚ್ಚಿರ್ತಾರೆ, ಇನ್ನೊಂದರಲ್ಲಿ ಯಾರೋ ಮೂಗು ಕೆರ್ಕೊತಿರ್ತಾರೆ. ಆದ್ರೂ ನಮ್ಮ ಮಾಲೀಕರು ಕೆಟ್ಟಿದ್ದನ್ನ ಎಸೆಯೋಕೆ ಬಿಡ್ತಿರ್ಲಿಲ್ಲ. ಒಂದ್ಸಲ ಒಬ್ಬರು ಬಂದು, ತೀರಿಹೋದ ತಮ್ಮನ ಫೋಟೊ ಎಲ್ಲೂ ಇಲ್ಲ ಅಂತ ಅತ್ರು. ಕೊನೆಗೆ ಸಿಕ್ಕಿದ್ದು ಅವನು ಸೀನುತ್ತಿರೋ ಫೋಟೊ. ಅದನ್ನೇ ದೊಡ್ಡದು ಮಾಡಿಸ್ಕೊಂಡು ಹೋದ್ರು” ಎಂದು ನೆನಪಿಸಿಕೊಳ್ಳುತ್ತಾರೆ.

ಎಲ್ಲರ ಕೈಗೂ ಫೋನು ಬಂದ ಮೇಲೆ ಸ್ಟುಡಿಯೊ ಮುಚ್ಚಿತು. ಗ್ರಂಥಾಲಯದಲ್ಲಿ ತಾತ್ಕಾಲಿಕ ಕಸಗುಡಿಸುವ ಕೆಲಸ ಸಿಕ್ಕಿತು. ಗಂಡ ಬಸ್ ಡಿಪೊದಲ್ಲಿ ಮೆಕ್ಯಾನಿಕ್. ಹೆಂಡತಿಯ ಹಕ್ಕಿಹುಚ್ಚನ್ನು ಕಂಡರೆ ಅವರಿಗೆ ತಮಾಷೆ. “ಅಡುಗೆಮನೆ ಕಿಟಕೀಲಿ ಕೂತ ಹಕ್ಕಿಗೂ ಇವಳು ವಯಸ್ಸೆಷ್ಟು, ಮನೆ ಎಲ್ಲಿ ಅಂತ ವಿಚಾರಿಸ್ತಾಳೆ” ಎಂದು ನಗುತ್ತಾರೆ. ಎಂಬತ್ತೆಂಟರ ಅತ್ತೆ ಮಾತ್ರ ಸೊಸೆಯ ಪಕ್ಷ. ಮೊದಲ ಭಾನುವಾರ ಮಧ್ಯಾಹ್ನ ಸೊಸೆ ಮನೆಗೆ ಬಂದು, ಅಂದು ಪರದೆಯ ಮೇಲೆ ಬಂದ ಹಕ್ಕಿಗಳ ಹೆಸರನ್ನೆಲ್ಲ ಹೇಳಿ ಮುಗಿಸುವವರೆಗೆ ಅವರು ಊಟಕ್ಕೆ ಏಳುವುದಿಲ್ಲ.

ಇಂಥ ಪರದೆಯಕ್ಕ ಒಂಬತ್ತು ವರ್ಷದ ಹಿಂದೆ ಒಂದು ತಪ್ಪು ಮಾಡಿದ್ದಾರೆ. ಯಾರಿಗೂ ಹೇಳಿಲ್ಲ. ಗೊತ್ತಿರುವುದು ಇನ್ನೊಬ್ಬರಿಗೆ ಮಾತ್ರ.

ಆ ಇನ್ನೊಬ್ಬರು ಕೈಗಡಿಯಾರ ರಿಪೇರಿ ಮಾಡುತ್ತಿದ್ದವರು. ಪರದೆಯಕ್ಕನಿಗೆ ಅವರು ಗಡಿಯಾರದಣ್ಣ. ಅಂದಿನ ಭಾನುವಾರ ಹೊಂಡದ ದಂಡೆಯಲ್ಲಿ, ಎಲ್ಲರೂ ಸಾಲಾಗಿ ನಿಂತು ಗುಂಪಿನ ಫೋಟೊಗೆ ಸಜ್ಜಾಗುತ್ತಿದ್ದಾಗ, ಹಿಂದಿನ ನೀರಿನಲ್ಲಿ ದೂರಕ್ಕೆ ಒಂದು ಬಿಳಿ ಹಕ್ಕಿ ಇಳಿದದ್ದನ್ನು ಅವರೊಬ್ಬರೇ ಕಂಡರು. ತಟ್ಟನೆ ಒಂದು ಫೋಟೊ ತೆಗೆದರು. ಅದು ಚಮಚದ ಕೊಕ್ಕು, ತುದಿಯಲ್ಲಿ ಚಮಚದಂತೆ ಅಗಲವಾದ ಉದ್ದ ಕೊಕ್ಕಿನ ನೀರುಹಕ್ಕಿ. ಈ ಊರಿನಲ್ಲಿ ಯಾರೂ ಕಂಡದ್ದಲ್ಲ. “ಹಿಂದೆ ನೋಡಿ, ಹಿಂದೆ ನೋಡಿ” ಎಂದು ಅವರು ಕೂಗಿದರೆ, “ನೀವು ಮುಂದೆ ನೋಡಿ ಸಾರ್, ಟೈಮರ್ ಒತ್ತಾಗಿದೆ” ಎಂದು ಉಳಿದವರು ರೇಗಿದರು. ಫೋಟೊ ಮುಗಿಯುವ ಹೊತ್ತಿಗೆ ಹಕ್ಕಿ ಹಾರಿಹೋಗಿತ್ತು.

ಸಭಾಂಗಣಕ್ಕೆ ಎಲ್ಲರಿಗಿಂತ ಮೊದಲು ಓಡಿಬಂದ ಗಡಿಯಾರದಣ್ಣ ತಮ್ಮ ಕಾರ್ಡನ್ನು ತಟ್ಟೆಯಲ್ಲಿಟ್ಟು, ಕೈಕಾಲು ತೊಳೆಯಲು ಹೋದರು. ಆಗಲೇ ಇನ್ನೊಬ್ಬ ಸದಸ್ಯರು ಬಂದು, ಹಳೆಯದೊಂದು ಕಾರ್ಡಿಟ್ಟು, “ನಂದು ಬಲಗಡೆಯಿಂದ ಎರಡನೇದು. ಎಲ್ಲ ಅಳಿಸಿ ಖಾಲಿ ಮಾಡಿಕೊಡಿ” ಎಂದರು. ಅವರು ಮೇಜಿನ ಆಚೆ ನಿಂತಿದ್ದರು, ಪರದೆಯಕ್ಕ ಈಚೆ ಕೂತಿದ್ದರು. ಅವರ ಬಲ ಇವರ ಎಡ. ಪರದೆಯಕ್ಕ ತಮ್ಮ ಬಲದಿಂದ ಎರಡು ಎಣಿಸಿ, ಅಲ್ಲಿದ್ದ ಕಾರ್ಡನ್ನು ಅಳಿಸಿದರು.

“ಅಣ್ಣ ಬಂದು ‘ಹಾಕು ಹಾಕು, ಬೇಗ ಹಾಕು’ ಅಂದ್ರು. ಹಾಕಿದೆ. ಏನೂ ಇಲ್ಲ. ಅವರು ಪರದೆ ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. ಒಂದು ಮಾತು ಬೈಲಿಲ್ಲ” ಎನ್ನುತ್ತಾರೆ ಪರದೆಯಕ್ಕ.

ಆ ತಿಂಗಳೇ ಪರದೆಯಕ್ಕನ ಕೆಲಸ ಕಾಯಂ ಆಗಬೇಕಿತ್ತು. ಏಳು ವರ್ಷ ಕಾದ ಕಾಗದ ಮೇಲಧಿಕಾರಿಯ ಮೇಜಿನ ಮೇಲಿತ್ತು. ಅದು ಗಡಿಯಾರದಣ್ಣನಿಗೂ ಗೊತ್ತಿತ್ತು. ಸಭೆ ತುಂಬಿದ ಮೇಲೆ ಅವರು ಎದ್ದು ನಿಂತು, “ನಾನು ಕಂಡಿದ್ದು ಚಮಚದ ಕೊಕ್ಕು. ಆದ್ರೆ ನನ್ನ ಕಾರ್ಡು ಕೆಟ್ಟುಹೋಗಿದೆ, ಫೋಟೊ ಸಿಗ್ತಿಲ್ಲ” ಎಂದಷ್ಟೇ ಹೇಳಿ ಕೂತರು. ಅಳಿಸಿದ್ದನ್ನು ಮರಳಿ ತರುವ ದಾರಿಗಳಿವೆ ಎಂಬುದು ಆಗ ಇಬ್ಬರಿಗೂ ತಿಳಿಯದು. ತಿಳಿಯುವ ಹೊತ್ತಿಗೆ ಆ ಕಾರ್ಡಿನ ತುಂಬ ಅಣ್ಣನ ಮೊಮ್ಮಗಳ ಮದುವೆಯ ಫೋಟೊಗಳಿದ್ದವು.

ಫೋಟೊ ಇಲ್ಲದ ಮೇಲೆ ಪುಸ್ತಕವೂ ಇಲ್ಲ. ಅವರು ಕಂಡದ್ದು ಬರೀ ಬೆಳ್ಳಕ್ಕಿ ಎಂದು ಎಲ್ಲರೂ ತೀರ್ಮಾನಿಸಿದರು. ಸಂಘದ ಹಲ್ಲಿನ ಡಾಕ್ಟರು ಅವರಿಗೆ ‘ಬೆಳ್ಳಕ್ಕಿಗೆ ಚಮಚ ಕೊಟ್ಟವರು’ ಎಂದು ಹೆಸರಿಟ್ಟರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಆದರೆ ಒಂಬತ್ತು ವರ್ಷ ಆ ತಮಾಷೆ ಹಳತಾಗಲಿಲ್ಲ. ಚಹಾದ ಹೊತ್ತಿನಲ್ಲಿ ಯಾರಾದರೂ ಚಮಚ ಕೇಳಿದರೆ ಸಾಕು, ನಗು. ಗಡಿಯಾರದಣ್ಣನೂ ನಗುತ್ತಿದ್ದರು. ಪರದೆಯಕ್ಕ ಲೋಟ ತೊಳೆಯುವ ನೆಪದಲ್ಲಿ ಹೊರಗೆ ಹೋಗುತ್ತಿದ್ದರು.

ಎರಡು ವರ್ಷದಿಂದ ಗಡಿಯಾರದಣ್ಣನ ದೃಷ್ಟಿ ಹೋಗುತ್ತಿದೆ. ನೋಡಿದ ಕಡೆಯೆಲ್ಲ ನಟ್ಟನಡುವೆ ಒಂದು ಕಪ್ಪು ಮಚ್ಚೆ, ಸುತ್ತ ಅಂಚಷ್ಟೇ ಕಾಣುತ್ತದೆಯಂತೆ. ಅಂಗಡಿ ಮುಚ್ಚಿದ್ದಾರೆ. ಆದರೂ ಮೊದಲ ಭಾನುವಾರ ತಪ್ಪಿಸುವುದಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು, ಪ್ರತಿ ಚಿತ್ರಕ್ಕೂ ‘ಕಾಣಿಸಲಿಲ್ಲ’ ಎಂದು ಬರೆದ ಚೀಟಿ ಕೊಡುತ್ತಾರೆ. ಆ ಚೀಟಿಗಳನ್ನು ಬಿಡಿಸುವುದು ಪರದೆಯಕ್ಕನೇ.

“ಇನ್ನು ತಡ ಮಾಡಿದ್ರೆ ಅವರಿಗೆ ನ್ಯಾಯ ಸಿಗೋದು ಯಾವಾಗ ಅನ್ನಿಸ್ತು” ಎನ್ನುತ್ತಾರೆ. ನ್ಯಾಯ ಹುಡುಕಲು ಅವರಿಗಿದ್ದದ್ದು ‘ಇರಲಿ’ ಒಂದೇ. ಮಧ್ಯಾಹ್ನ ಎರಡರಿಂದ ಮೂರು, ಓದುಗರು ತೂಕಡಿಸುವ ಹೊತ್ತು. ಆ ಒಂದು ಗಂಟೆ ಅವರು ಆ ಎರಡು ಸಾವಿರ ಚಿತ್ರಗಳನ್ನು ಒಂದೊಂದಾಗಿ ನೋಡುತ್ತಾ ಹೋದರು. ಹಕ್ಕಿಯನ್ನಲ್ಲ, ಹಕ್ಕಿಯ ಹಿಂದಿದ್ದುದನ್ನು. ಎಂಟು ವಾರ ಹಿಡಿಯಿತು. ಕಳೆದ ತಿಂಗಳು ಒಂದು ಮಧ್ಯಾಹ್ನ ಅಂದು ಒಂದರ ಹಿಂದೊಂದು ತೆಗೆದ ಮೂರು ಗುಂಪಿನ ಫೋಟೊಗಳು ಸಿಕ್ಕವು. ಮೂರೂ ತಿರಸ್ಕೃತ. ಎರಡರಲ್ಲಿ ಹಲ್ಲಿನ ಡಾಕ್ಟರು ಕಣ್ಣು ಮುಚ್ಚಿದ್ದಾರೆ. ಮೂರರಲ್ಲೂ ಒಬ್ಬ ಮನುಷ್ಯ ಕ್ಯಾಮೆರಾಗೆ ಬೆನ್ನು ತಿರುಗಿಸಿ ನಿಂತಿದ್ದಾನೆ. ಆ ಬೆನ್ನು ಗಡಿಯಾರದಣ್ಣನದು. ಅವರ ಭುಜದ ಮೇಲೆ, ದೂರದ ನೀರಿನಲ್ಲಿ, ಅಕ್ಕಿಕಾಳಿನಷ್ಟು ಬಿಳಿ.

ದೊಡ್ಡದು ಮಾಡಿದರೆ ಮಸುಕು. ಕೊಕ್ಕಿನ ತುದಿ ಅಗಲವೋ ಚೂಪೋ ಹೇಳುವಂತಿಲ್ಲ. ಒಂದು ಚಿತ್ರದಿಂದ ಏನೂ ಆಗುತ್ತಿರಲಿಲ್ಲ. ಆದರೆ ಮೂರನ್ನು ಒಂದರ ಹಿಂದೊಂದು ಓಡಿಸಿದಾಗ ಪರದೆಯಕ್ಕ ಕುರ್ಚಿಯಿಂದ ಎದ್ದು ನಿಂತರು. ಹಕ್ಕಿಯ ತಲೆ ಮೊದಲನೆಯದರಲ್ಲಿ ಎಡಕ್ಕೆ, ಎರಡನೆಯದರಲ್ಲಿ ನಡುವೆ, ಮೂರನೆಯದರಲ್ಲಿ ಬಲಕ್ಕೆ. ಮೂರರಲ್ಲೂ ಕೊಕ್ಕು ನೀರಿನೊಳಗೇ. ಬೆಳ್ಳಕ್ಕಿ ಕಾದು ನಿಂತು ಒಮ್ಮೆಲೇ ಕುಕ್ಕುತ್ತದೆ. ನೀರೊಳಗೆ ಕೊಕ್ಕಿಟ್ಟು ಕಸಬರಿಗೆ ಆಡಿಸಿದಂತೆ ಆಚೀಚೆ ಆಡಿಸುವುದು ಚಮಚದ ಕೊಕ್ಕು. ಹದಿನಾರು ವರ್ಷ ಬಾಗಿಲಲ್ಲಿ ನಿಂತು ಭಾಷಣ ಕೇಳಿದವರಿಗೆ ಅಷ್ಟು ಗೊತ್ತಿರದೆ ಇರುತ್ತದೆಯೇ?

ಹತ್ತು ಗಂಟೆ. ಸಭಾಂಗಣದಲ್ಲಿ ಇಪ್ಪತ್ತೊಂಬತ್ತು ಜನ. ಎಂದಿನ ಚಿತ್ರಗಳು ಮುಗಿಯುತ್ತವೆ. ಪರದೆಯಕ್ಕ ಕೊನೆಯ ಮೂರನ್ನು ಹಾಕುತ್ತಾರೆ. ಜನರ ಭಾಗವನ್ನು ಕತ್ತರಿಸಿ, ನೀರು ಮತ್ತು ಹಕ್ಕಿಯನ್ನಷ್ಟೇ ಉಳಿಸಿದ್ದಾರೆ. ಎಡ, ನಡು, ಬಲ. ಎಡ, ನಡು, ಬಲ. ಮಸುಕು ಕಂಡು ಯಾರೋ ಗೊಣಗುತ್ತಾರೆ, ಆಮೇಲೆ ಗೊಣಗಾಟ ನಿಂತು ಪೆನ್ನಿನ ಸದ್ದಷ್ಟೇ ಕೇಳುತ್ತದೆ.

ಪರದೆಯಕ್ಕ ಚೀಟಿಗಳನ್ನು ಬಿಡಿಸುತ್ತಾರೆ. ಇಪ್ಪತ್ತೆರಡು ಚೀಟಿಗಳಲ್ಲಿ ಚಮಚದ ಕೊಕ್ಕು. ಅವುಗಳಲ್ಲಿ ಒಂದು ಹಲ್ಲಿನ ಡಾಕ್ಟರದು. ನಾಲ್ಕರಲ್ಲಿ ಬೆಳ್ಳಕ್ಕಿ. ಇಬ್ಬರಿಗೆ ಗೊತ್ತಾಗಿಲ್ಲ. ಒಂದರಲ್ಲಿ, ಓರೆಯಾದ ದೊಡ್ಡ ಅಕ್ಷರದಲ್ಲಿ, ‘ಕಾಣಿಸಲಿಲ್ಲ’.

“ಯಾವ ಊರಿನ ಫೋಟೊ ಇದು?” ಎಂದು ಸಂಘದ ಅಧ್ಯಕ್ಷೆ, ನಿವೃತ್ತ ಸಸ್ಯಶಾಸ್ತ್ರದ ಮೇಡಂ, ಕೇಳುತ್ತಾರೆ.

ಪರದೆಯಕ್ಕ ಪೂರ್ತಿ ಚಿತ್ರ ಹಾಕುತ್ತಾರೆ. ಒಂಬತ್ತು ವರ್ಷ ಚಿಕ್ಕವರಾದ ತಮ್ಮದೇ ಮುಖಗಳು, ಕಣ್ಣು ಮುಚ್ಚಿದ ಡಾಕ್ಟರು, ಬೆನ್ನು ತಿರುಗಿಸಿ ನಿಂತ ಒಬ್ಬರು. ಪರದೆಯಕ್ಕ ಕಂಪ್ಯೂಟರು ಬಿಟ್ಟು ಎದ್ದು ಮುಂದೆ ಬರುತ್ತಾರೆ. ಈ ಸಭೆಯ ಮುಂದೆ ಅವರು ನಿಂತು ಮಾತಾಡುತ್ತಿರುವುದು ಇದೇ ಮೊದಲು.

“ಅವತ್ತು ಅಣ್ಣನ ಕಾರ್ಡು ಕೆಟ್ಟಿರ್ಲಿಲ್ಲ. ಅಳಿಸಿದ್ದು ನಾನು. ನನ್ನ ಕೆಲಸ ಹೋಗ್ಬಾರ್ದು ಅಂತ ಅವರು ಎಲ್ಲ ಹೊಟ್ಟೆಗೆ ಹಾಕ್ಕೊಂಡ್ರು. ನೀವು ನಗೋವಾಗೆಲ್ಲ ನಾನು ಸುಮ್ಮನಿದ್ದೆ. ಅದಕ್ಕೇ ನಂಗೆ ನಾಚಿಕೆ.”

ಮೊದಲು ಏಳುವವರು ಹಲ್ಲಿನ ಡಾಕ್ಟರು. ಬಾಗಿಲ ಬಳಿ ಹೋಗಿ ಗಡಿಯಾರದಣ್ಣನ ಕೈ ಹಿಡಿದು ಅದುಮುತ್ತಾರೆ. ಅಧ್ಯಕ್ಷೆ ಬೀರುವಿನಿಂದ ಪುಸ್ತಕ ತೆಗೆದು ಇನ್ನೂರ ಹದಿಮೂರನೆಯ ಹಕ್ಕಿಯನ್ನು ಬರೆದು, ಕಂಡವರ ಕಾಲಮ್ಮಿನಲ್ಲಿ ಗಡಿಯಾರದಣ್ಣನ ಹೆಸರು ಹಾಕುತ್ತಾರೆ. ಕೆಳಗೆ ಇನ್ನೊಂದು ಸಾಲು ಬರೆಯಲು, ಪರದೆಯಕ್ಕನ ಪೂರ್ತಿ ಹೆಸರೇನೆಂದು ಅವರನ್ನೇ ಕೇಳುತ್ತಾರೆ.

“ಅದನ್ನ ಯಾಕಮ್ಮಾ ಹೇಳೋಕೆ ಹೋದೆ” ಎಂದು ಗಡಿಯಾರದಣ್ಣ ಗದರಿಸುತ್ತಾರೆ. ಗದರಿಕೆಯಲ್ಲಿ ಬಲವಿಲ್ಲ, ಕಣ್ಣಲ್ಲಿ ನೀರಿದೆ.

ಉಳಿದವರೆಲ್ಲ ಇಳಿದುಹೋದ ಮೇಲೆ ಪರದೆಯಕ್ಕ ಕುರ್ಚಿ ಜೋಡಿಸುತ್ತಾರೆ. ಏನಾದರೂ ಆಸೆ ಇದೆಯೇ ಎಂದು ಕೇಳಿದರೆ ಕೈಯಲ್ಲಿದ್ದ ಕುರ್ಚಿಯನ್ನು ಕೆಳಗಿಡುತ್ತಾರೆ. “ಹದಿನಾರು ವರ್ಷದಿಂದ ಅವರೆಲ್ಲ ಹೊಂಡಕ್ಕೆ ಹೋಗೋ ಹೊತ್ತಿಗೆ ನಾನಿಲ್ಲಿ ಕಸ ಹೊಡೀತಿರ್ತೀನಿ. ಒಂದ್ಸಲ ಅಂಥ ಹಕ್ಕಿ ತಲೆ ಆಡ್ಸೋದನ್ನ ಕಣ್ಣಾರೆ ನೋಡ್ಬೇಕು. ನಮ್ಮ ಫೋಟೊದಲ್ಲಿ ಅದು ಮೂರೇ ಸಲ ಆಡ್ಸುತ್ತೆ.”

ಬಾಗಿಲ ಪಕ್ಕದ ಕುರ್ಚಿ ಇನ್ನೂ ಖಾಲಿಯಾಗಿಲ್ಲ. “ಮುಂದಿನ ತಿಂಗಳು ಕೀಲಿ ನನ್ನ ಕೈಗೆ ಕೊಡು. ನಾನು ತೆಗೀತೀನಿ, ನೀನು ಹೊಂಡಕ್ಕೆ ಹೋಗಿ ಬಾ. ಬೀಗ ತೆಗೆಯೋಕೆ, ಕುರ್ಚಿ ಹಾಕೋಕೆ ಇಷ್ಟು ಕಣ್ಣು ಸಾಕು” ಎನ್ನುತ್ತಾರೆ ಗಡಿಯಾರದಣ್ಣ.

ಪರದೆಯಕ್ಕ ಬೇಡ ಎನ್ನುತ್ತಾರೆ, ಆಗಲ್ಲ ಎನ್ನುತ್ತಾರೆ, ಕೊನೆಗೆ ಒಪ್ಪಿ ಬಾಗಿಲಿನ ಗುಟ್ಟು ಹೇಳಿಕೊಡುತ್ತಾರೆ. ಹಿಡಿಕೆ ಎತ್ತಬೇಕು, ಮೊಣಕಾಲಲ್ಲಿ ಗುದ್ದಬೇಕು, ಆಮೇಲೆ ಕೀಲಿ. “ಮತ್ತೆ ಅಣ್ಣಾ, ಕಂಪ್ಯೂಟರ್ ಮುಟ್ಟಿದ್ರೆ ಹುಷಾರು. ಯಾವ್ದನ್ನೂ ಅಳಿಸ್ಬೇಡಿ.”

“ಛೆ ಛೆ, ಅಳ್ಸೋದು ನಿನ್ನ ಇಲಾಖೆ ಅಲ್ವೇನಮ್ಮಾ!”

ಒಂಬತ್ತು ವರ್ಷದಲ್ಲಿ ಆ ವಿಷಯವಾಗಿ ಅವರಾಡಿದ ಮೊದಲ ತಮಾಷೆ ಅದು. ಪರದೆಯಕ್ಕ ಜೋಡಿಸುತ್ತಿದ್ದ ಕುರ್ಚಿಯ ಮೇಲೇ ಕೂತು ಜೋರಾಗಿ ನಗುತ್ತಾರೆ, ಮುಂಗೈಯಿಂದ ಕಣ್ಣೊರೆಸಿಕೊಳ್ಳುತ್ತಾರೆ, ಗೊಂಚಲಿನಿಂದ ಒಂದು ಕೀಲಿ ಬಿಚ್ಚಿ ಅವರ ಅಂಗೈಯಲ್ಲಿಡುತ್ತಾರೆ.