ಐವತ್ತು ವಾಕ್ಯ, ಮೂರು ಸುಳ್ಳು ಉತ್ತರ

ಆ ಐವತ್ತು ವಾಕ್ಯಗಳನ್ನು ನಾನು ಬರೆದದ್ದು ಒಬ್ಬನ ಮಾನ ಕಳೆಯಲು. ಇದೊಂದರ ಬಗ್ಗೆ ನನಗೆ ಅನುಮಾನವಿಲ್ಲ. ಉಳಿದದ್ದರಲ್ಲಿ ಯಾವುದು ನಿಜವಾಗಿ ನಡೆಯಿತು, ಯಾವುದನ್ನು ಆಮೇಲೆ ಸಿಟ್ಟಿನಲ್ಲಿ ನಾನೇ ಸೇರಿಸಿಕೊಂಡೆ ಎಂದು ಆಣೆ ಮಾಡಿ ಹೇಳಲಾರೆ.

ಅವನೂ ನಾನೂ ಇಂಗ್ಲಿಷ್ ಎಂ.ಎ. ಓದುವಾಗ ಒಂದೇ ಹಾಸ್ಟೆಲ್ ಕೋಣೆಯಲ್ಲಿದ್ದವರು. ಹದಿನೈದು ವರ್ಷ ಬೇರೆ ಬೇರೆ ಕಡೆ ಕೆಲಸ ಮಾಡಿದ ಮೇಲೆ ಇಬ್ಬರೂ ಮಸ್ಕಿಯ ಒಂದು ಕಾಲೇಜಿನಲ್ಲಿ ಪಾಠಕ್ಕೆ ಸೇರಿದೆವು. ನಾನು ಸಿಂಧನೂರಿನಿಂದ, ಅವನು ಲಿಂಗಸುಗೂರಿನಿಂದ ಬಸ್ಸಿಗೆ ಬಂದು, ನಿಲ್ದಾಣದ ಎದುರು ಚಹಾ ಕುಡಿದು ಒಟ್ಟಿಗೆ ನಡೆಯುತ್ತಿದ್ದೆವು. ಅಲ್ಲಿ ಮೂರು ವರ್ಷ ಪಾಠ ಮಾಡುತ್ತ ನಾನು ಒಂದು ವ್ಯಾಕರಣದ ನೋಟ್ಸ್ ಬರೆದೆ.

ನಮ್ಮ ಕಡೆಯ ವಿದ್ಯಾರ್ಥಿಗಳು ಇಂಗ್ಲಿಷ್ ವಾಕ್ಯದ ಉದ್ದ ನೋಡಿಯೇ ಹೆದರುತ್ತಾರೆ. ಉದ್ದವಿದ್ದರೆ ಕಾಂಪ್ಲೆಕ್ಸ್ ಎಂದು ಬರೆದು ಕೈತೊಳೆದುಕೊಳ್ಳುತ್ತಾರೆ. ಉದ್ದ ಬಿಡಿ, ಮೊದಲು ಕ್ರಿಯಾಪದದ ಕೆಳಗೆ ಗೆರೆ ಎಳೆಯಿರಿ, ಅದರ ಕರ್ತೃ ಯಾರೆಂದು ಹುಡುಕಿ, ಹಾಗೆ ಸಿಕ್ಕ ತುಂಡು ತನ್ನಷ್ಟಕ್ಕೆ ನಿಲ್ಲುತ್ತದೆಯೇ ನೋಡಿ ಎಂದು ಬರೆದಿದ್ದೆ. ಒಂದೇ ತುಂಡಿದ್ದರೆ ಸಿಂಪಲ್. ನಿಲ್ಲಬಲ್ಲ ಎರಡನ್ನು ಜೋಡಿಸಿದ್ದರೆ ಕಾಂಪೌಂಡ್. ಒಂದು ತುಂಡು ಇನ್ನೊಂದನ್ನು ಆತುಕೊಂಡೇ ನಿಂತಿದ್ದರೆ ಕಾಂಪ್ಲೆಕ್ಸ್. ಉದಾಹರಣೆಗಳೆಲ್ಲ ಇಲ್ಲಿಯವೇ. ಕಾಲುವೆಗೆ ನೀರು ಬಂದದ್ದು, ಗುರುಗುಂಟಾದ ಬಸ್ಸು ತಪ್ಪಿದ್ದು, ಕುರಿ ಹೊಲಕ್ಕೆ ನುಗ್ಗಿದ್ದು.

ಎರಡು ದಿನಕ್ಕೆಂದು ಅವನು ಆ ನೋಟ್ಸಿನ ಫೈಲನ್ನು ಒಯ್ದ. ಆರು ತಿಂಗಳಾಗುವಷ್ಟರಲ್ಲಿ ಕೆಲಸ ಬಿಟ್ಟು ಲಿಂಗಸುಗೂರಿನಲ್ಲಿ ಒಂದು ಅಂಗಡಿಯ ಮಾಳಿಗೆಯ ಮೇಲೆ ಕೋಚಿಂಗ್ ಕ್ಲಾಸ್ ತೆರೆದ. ಅಲ್ಲಿ ಹಂಚಿದ ನೋಟ್ಸಿನ ಮೇಲೆ ಅವನ ಹೆಸರಿತ್ತು, ಒಳಗೆ ನನ್ನ ಗುರುಗುಂಟಾದ ಬಸ್ಸು ಹಾಗೇ ತಪ್ಪಿಹೋಗಿತ್ತು. ಕೇಳಿದ್ದಕ್ಕೆ, ಇಟ್ಟುಕೋ ಎಂದು ಕೊಟ್ಟವನೇ ನೀನು, ನನಗೆ ಬಾಯಿಪಾಠ ಇದೆ ಎಂದು ಜಂಬವನ್ನೂ ಕೊಚ್ಚಿದ್ದೆ ಎಂದ. ನನಗೆ ಅದು ನೆನಪಿಲ್ಲ. ಕಷ್ಟವೆಂದರೆ, ಆ ಮಾತು ನಾನು ಆಡುವಂಥದ್ದೇ.

ವರ್ಷ ಕಳೆದ ಮೇಲೆ ಅವನೇ ಫೋನ್ ಮಾಡಿ ಹೊಸದೇನಾದರೂ ಬರೆದಿದ್ದೀಯಾ ಎಂದು ನಾಚಿಕೆಯಿಲ್ಲದೆ ಕೇಳಿದ. ವಾಕ್ಯದ ವಿಧ ಗುರುತಿಸುವ ಐವತ್ತು ಪ್ರಶ್ನೆ, ಉತ್ತರ ಸಮೇತ ಕೊಡುತ್ತೇನೆ ಎಂದೆ. ನಾಲ್ಕು ಸಂಜೆ ಕೂತು ಬರೆದೆ. ಅಷ್ಟು ಸುಖವಾಗಿ ನಾನು ಬೇರೇನನ್ನೂ ಬರೆದಿಲ್ಲ. ಮೂರು ಕಡೆ ಬೇಕೆಂದೇ ತಪ್ಪು ಉತ್ತರ ಹಾಕಿದೆ. ಅವನು ಓದದೆ ಹಂಚುತ್ತಾನೆ, ತುಂಬಿದ ಕ್ಲಾಸಿನಲ್ಲಿ ಯಾರೋ ಎದ್ದು ಕೇಳುತ್ತಾರೆ, ಅವನು ಚಾಕ್‌ಪೀಸ್ ಹಿಡಿದು ಬೆವರುತ್ತಾನೆ. ಈ ದೃಶ್ಯವನ್ನು ಮನಸ್ಸಿನಲ್ಲೇ ಎಷ್ಟು ಸಲ ಕಂಡಿದ್ದೆನೆಂದರೆ, ಒಮ್ಮೊಮ್ಮೆ ಅದು ನಡೆದೇ ಹೋಗಿದೆ ಎನಿಸುತ್ತಿತ್ತು. ಪ್ರತಿ ಇಟ್ಟುಕೊಳ್ಳದೆ ಕೈಬರಹದ ಹಾಳೆಗಳನ್ನೇ ಕಳಿಸಿದೆ.

ಹೋದ ಬೇಸಿಗೆಯಲ್ಲಿ ತುರ್ವಿಹಾಳದ ತಂಗಿಯ ಮನೆಗೆ ಹೋಗಿದ್ದೆ. ಅವಳು ಶಿಕ್ಷಕರ ನೇಮಕಾತಿ ಪರೀಕ್ಷೆಗೆ ಓದುತ್ತಿದ್ದಳು. ಎರಡು ಸಲ ಸ್ವಲ್ಪ ಅಂಕದಲ್ಲಿ ನೌಕರಿ ತಪ್ಪಿತ್ತು. ವಯಸ್ಸಿನ ಮಿತಿ ಮುಗಿಯುತ್ತ ಬಂದು ಇದೇ ಕೊನೆಯ ಅವಕಾಶವಾಗಿತ್ತು. ಅಕ್ಕಿ ಹಸನು ಮಾಡುತ್ತ ಮೊರದ ಪಕ್ಕ ಹಾಳೆ ಇಟ್ಟುಕೊಂಡು ಬಾಯಿಪಾಠ ಮಾಡುತ್ತಿದ್ದಳು. ಹಾಳೆಗಳು ಸಿಂಧನೂರಿನ ಜೆರಾಕ್ಸ್ ಅಂಗಡಿಯವು. ಮೇಲೆ ಅವನ ಹೆಸರು, ಒಳಗೆ ನನ್ನ ಐವತ್ತು ವಾಕ್ಯ.

“ಲಿಂಗಸುಗೂರು ಸರ್ ನೋಟ್ಸ್ ಅಣ್ಣಾ” ಎಂದಳು. “ಭಾಳ ಚಂದ ಬರದಾರ. ಇಲ್ಲಿ ನೋಡು, ಅವ್ವ, ಚಿಗವ್ವ ಭತ್ತ ಹಚ್ಚಿದಂಗ ಐತಿ.”

ಅದು ಗದ್ದೆಯಲ್ಲಿ ನಾಟಿ ಮಾಡುತ್ತಿದ್ದ ನಮ್ಮ ಅವ್ವ, ಚಿಗವ್ವನೇ. ಅದರ ಮುಂದಿನ ಉತ್ತರವೂ ನಾನು ಹಾಕಿದ ಸುಳ್ಳುಗಳಲ್ಲಿ ಒಂದು. ಅವಳು ಅದನ್ನೇ ಕಣ್ಣು ಮುಚ್ಚಿ ಒಪ್ಪಿಸಿದಳು. ನನ್ನನ್ನು ಯಾಕೆ ಕೇಳಲಿಲ್ಲ ಎಂದದ್ದಕ್ಕೆ, ನೀನು ಹೇಳಿಕೊಡುವುದಕ್ಕಿಂತ ಬೈಯುವುದೇ ಹೆಚ್ಚು ಎಂದಳು.

ಪೆನ್ಸಿಲ್ ಇಸಿದುಕೊಂಡು ಐವತ್ತನ್ನೂ ನೋಡಿದೆ. ನಾಲ್ಕು ತಪ್ಪಿದ್ದವು. ನಾನು ಹಾಕಿದ್ದು ಮೂರು. ಮತ್ತೆ ನೋಡಿದೆ, ನಾಲ್ಕೇ. ನಾಲ್ಕನೆಯದು, ಬಸ್ಸಿನಲ್ಲಿ ಒಬ್ಬ ಹೆಂಗಸು ಶೇಂಗಾ ಸುಲಿದು ತಿಂದಳೆಂಬ ವಾಕ್ಯ. ಸುಲಿದವಳೂ ತಿಂದವಳೂ ಒಬ್ಬಳೇ, ತುಂಡೂ ಒಂದೇ, ಆದ್ದರಿಂದ ಸಿಂಪಲ್. ಉತ್ತರದಲ್ಲಿ ಕಾಂಪೌಂಡ್ ಎಂದಿತ್ತು. ನಕಲು ಮಾಡಿದವರ ಕೈತಪ್ಪಿರಬೇಕು ಎಂದುಕೊಂಡೆ. ಮರುಕ್ಷಣವೇ, ಇಲ್ಲ, ನಾನು ಹಾಕಿದ್ದೇ ನಾಲ್ಕು ಎನಿಸಿತು.

ಈ ನಾಲ್ಕನ್ನು ತಿದ್ದಿಕೋ ಎಂದೆ. ತಂಗಿ ಹಾಳೆ ಎಳೆದುಕೊಂಡಳು.

“ಅವರೇನು ತಪ್ಪ ಬರೀತಾರೇನು? ಅವರ ಕಡೆ ಓದಿದವರು ನೌಕರಿ ಮಾಡಾಕತ್ಯಾರ. ಹೊಟ್ಟಿಕಿಚ್ಚು ಒಳ್ಳೇದಲ್ಲ ಅಣ್ಣಾ.”

ತಪ್ಪು ಹಾಕಿದವನು ನಾನೇ ಎಂಬುದೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳಿದೆ. ಎಷ್ಟು ವಿವರಿಸಿದರೂ, ಸರ್ ಹೇಳಿದರೆ ಮಾತ್ರ ತಿದ್ದುತ್ತೇನೆ ಎಂದು ಕೂತಳು. ಪರೀಕ್ಷೆಗೆ ಹದಿನೈದು ದಿನವಿತ್ತು.

ಭಾನುವಾರ ಲಿಂಗಸುಗೂರಿಗೆ ಹೋದೆ. ದಾರಿಯುದ್ದಕ್ಕೂ ಅವನಿಗೆ ಹೇಳಬೇಕಾದ ಮಾತುಗಳನ್ನು ಮಸೆಯುತ್ತಿದ್ದೆ. ಮಸ್ಕಿ ದಾಟುವಷ್ಟರಲ್ಲಿ ಮಾತು ಸಿದ್ಧವಾಗಿತ್ತು. ನಾನು ಬೇಕೆಂದೇ ಹಾಕಿದ್ದು ನಾಲ್ಕು ಎಂಬುದೂ ಆಗಲೇ ಗಟ್ಟಿಯಾಗಿತ್ತು. ಮಾಳಿಗೆ ಹತ್ತಿದಾಗ ಕ್ಲಾಸ್ ಮುಗಿದಿತ್ತು. ಅವನು ಬೋರ್ಡ್ ಒರೆಸುತ್ತಿದ್ದ. ನಿನ್ನ ನೋಟ್ಸಿನಲ್ಲಿ ತಪ್ಪುಗಳಿವೆ, ಜನರನ್ನು ಹಾಳು ಮಾಡುತ್ತಿದ್ದೀಯ ಎಂದೆ. ಅವನು ಡಸ್ಟರ್ ಇಟ್ಟು, ಕೈ ಝಾಡಿಸಿ, ಮೇಜಿನಿಂದ ಒಂದು ಹಾಳೆ ತೆಗೆದ. ನಾಲ್ಕೂ ಉತ್ತರ ತಿದ್ದಿ ಅಚ್ಚು ಹಾಕಿಸಿದ ಹಾಳೆ.

“ಹಂಚಿದ ಮರುದಿನನ ತಿದ್ದಿಸೀನಿ” ಎಂದ. “ಮೂರು ನೀ ಬೇಕಂತ ಹಾಕೀದಿ, ನಿನ್ನ ಬುದ್ಧಿ ನನಗ ಗೊತ್ತಿಲ್ಲೇನು ದೋಸ್ತ? ಆ ಶೇಂಗಾದ್ದು ಮಾತ್ರ ನಿನ್ನ ಹಳೇ ರೋಗ. ಹಾಸ್ಟೆಲ್ನ್ಯಾಗೂ ಅದನ್ನ ತಪ್ಪ ಹೇಳ್ತಿದ್ದಿ.”

ಸುಳ್ಳು ಎಂದೆ. ಅವನು ಮುಗುಳ್ನಕ್ಕ. ಜೆರಾಕ್ಸ್ ಅಂಗಡಿಗೆ ಹೋದದ್ದು ಮೊದಲ ದಿನದ ಹಾಳೆಗಳಂತೆ. ಯಾರು ಕೊಟ್ಟರೋ ಗೊತ್ತಿಲ್ಲವಂತೆ. ಕ್ಲಾಸಿಗೆ ಸೇರಲಾಗದವರು ಅದನ್ನು ಒಯ್ದು ಓದುತ್ತಾರಂತೆ. ಅಂದರೆ ಅವನ ಬೋರ್ಡಿನ ಮುಂದೆ ಕೂತ ಒಬ್ಬರಿಗೂ ನನ್ನ ಸುಳ್ಳು ತಾಗಿರಲಿಲ್ಲ. ತಾಗಿದ್ದು ಮನೆಯಲ್ಲಿ ಅಕ್ಕಿ ಹಸನು ಮಾಡುತ್ತ ಓದುವವರಿಗೆ. ಮಸೆದಿಟ್ಟ ಮಾತುಗಳನ್ನು ಬಿಟ್ಟು ಕೈ ಚಾಚಿದೆ. ಆ ಹಾಳೆ ನನಗೆ ಬೇಕು ಎಂದೆ.

“ಯಾರಿಗೆ?”

“ತಂಗಿಗೆ. ನಿನ್ನ ಸಹಿನೂ ಹಾಕು. ನನ್ನ ಮಾತು ನಂಬಂಗಿಲ್ಲ ಆಕಿ.”

ಅವನು ನಗುತ್ತಾನೆಂದು ಕಾದೆ. ನಕ್ಕಿದ್ದರೆ ಅಲ್ಲೇ ಅವನ ಕೊರಳಪಟ್ಟಿ ಹಿಡಿಯಬಹುದಿತ್ತು. ಅವನು ನಗಲಿಲ್ಲ. ನಿಧಾನವಾಗಿ ಸಹಿ ಮಾಡಿ, ಅದರ ಕೆಳಗೆ ಶುಭವಾಗಲಿ ಎಂದು ಬರೆದು, ಚಹಾ ತರಿಸಲೇ ಎಂದ. ಬೇಡ ಎಂದು ಇಳಿದು ಬಂದೆ. ಸಿಂಧನೂರಿನ ಜೆರಾಕ್ಸ್ ಅಂಗಡಿಯಲ್ಲಿ ಅದರ ಒಂದು ಪ್ರತಿ ತೆಗೆಸಿ ಕೊಟ್ಟು, ಹಳೆಯದರ ಬದಲು ಇದನ್ನು ಹಾಕಲು ಹೇಳಿದೆ. ಅಂಗಡಿಯವನು ಸಹಿ ನೋಡಿ ಎದ್ದು ನಿಂತು, ಸರ್ ಕಳಿಸಿದರೇನ್ರಿ ಎಂದು ಕೇಳಿದ. ಹೂಂ ಎಂದೆ.

ತುರ್ವಿಹಾಳದಲ್ಲಿ ತಂಗಿ ಹಾಳೆಯನ್ನು ಎರಡು ಕೈಯಿಂದ ತೆಗೆದುಕೊಂಡಳು. ಮೂರು ಉತ್ತರಗಳನ್ನು ಕೆಂಪು ಪೆನ್ನಿನಲ್ಲಿ ಬೇಗ ಬೇಗ ತಿದ್ದಿದಳು. ನಾಲ್ಕನೆಯದರ ಹತ್ತಿರ ನಿಂತಳು. ಬೀರುವಿನ ಮೇಲಿನ ಟ್ರಂಕಿನಿಂದ ತನ್ನ ಹತ್ತನೆಯ ತರಗತಿಯ ನೋಟುಬುಕ್ ತೆಗೆದಳು. ರಜೆಗೆ ಬಂದಾಗ ಅವಳಿಗೆ ನಾನು ಬರೆದುಕೊಟ್ಟ ಪುಟಗಳು ಅದರಲ್ಲಿದ್ದವು. ಅಕ್ಷರ ನನ್ನದು. ಶೇಂಗಾದ ಬದಲು ಬಾಳೆಹಣ್ಣು, ಉಳಿದಂತೆ ಅದೇ ವಾಕ್ಯ. ಮುಂದೆ ಕಾಂಪೌಂಡ್ ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಿದ್ದೆ.

“ಇದನ್ನ ನಾ ನಿನ್ನ ಕಡೆನ ಕಲ್ತಿದ್ದು” ಎಂದಳು. “ಎರಡು ಸಲನೂ ಪರೀಕ್ಷಾದಾಗ ಇಂಥದ್ದು ಬಂದಿತ್ತು ಅಣ್ಣಾ.”

ಅದು ಬೈಯುವ ದನಿಯಾಗಿರಲಿಲ್ಲ. ಅವಳು ನೋಟುಬುಕ್ಕಿನಲ್ಲೂ ಅದನ್ನು ಹೊಡೆದುಹಾಕಿ ಸರಿಯಾದದ್ದನ್ನು ಬರೆದಳು. ಅವನ ಸಹಿಯ ಹಾಳೆ ಎಲ್ಲಕ್ಕಿಂತ ಮೇಲೆ ಬರುವಂತೆ ಜೋಡಿಸಿ, ಸ್ಟೇಪ್ಲರ್ ಎಲ್ಲಿ ಎಂದು ಸುತ್ತ ತಡಕಾಡಿದಳು. ಅದು ನನ್ನ ಕಾಲ ಬಳಿ ಬಿದ್ದಿತ್ತು. ಎತ್ತಿ ಕೊಟ್ಟೆ.