ಹೇಳಿಕೆ ತಲುಪದ ಮನೆಗಳು

ನಾನು ಆರನೆಯ ತರಗತಿಯಲ್ಲಿದ್ದ ವರ್ಷ, ಜನವರಿಯ ಕೊನೆಯ ಶನಿವಾರ ಸಂಜೆ, ಮಂಚಿಕೇರಿ ಸಮೀಪದ ನಮ್ಮೂರಿನ ಸಭಾಭವನದಲ್ಲಿ ‘ಏಳನೇ ತಿರುವು’ ಎಂಬ ರಾಕ್ ಬ್ಯಾಂಡ್ ತನ್ನ ಮೊದಲ ಕಾರ್ಯಕ್ರಮ ಕೊಟ್ಟಿತು. ವೇದಿಕೆಯ ಮೇಲೆ ಐವರಿದ್ದರು. ಕೆಳಗೆ ಏಳು ಜನ.

ಬ್ಯಾಂಡ್ ಈಗಲೂ ಇದೆ. ನೂರನೆಯ ಕಾರ್ಯಕ್ರಮ ಶಿರಸಿಯಲ್ಲಿ ಆಯಿತು, ಹತ್ತನೆಯ ವರ್ಷದ್ದು ಹುಬ್ಬಳ್ಳಿಯಲ್ಲಿ, ಇಪ್ಪತ್ತೈದನೆಯ ವರ್ಷದ್ದು ಮತ್ತೆ ಶಿರಸಿಯಲ್ಲಿ. ಮೂರಕ್ಕೂ ಹೋಗಿದ್ದೇನೆ. ಎರಡರ ವರದಿ ಬರೆದಿದ್ದೇನೆ. ಗಿಟಾರ್ ನುಡಿಸುವ ಶ್ರೀಧರ ನನ್ನ ಅಣ್ಣ. ಇಂಥ ದೊಡ್ಡ ಕಾರ್ಯಕ್ರಮಗಳಲ್ಲೆಲ್ಲ ಅವನು ಮೊದಲ ದಿನದ ಕಥೆ ಹೇಳುತ್ತಾನೆ: “ಮೇಲೆ ಐದು, ಕೆಳಗೆ ಏಳು. ಎರಡೇ ಮತದಲ್ಲಿ ಸೋತ್ವಿ ನೋಡಿ!” ಜನ ನಗುತ್ತಾರೆ. ಆ ಏಳರಲ್ಲಿ ನಾನೊಬ್ಬಳು. ಏಳೇ ಜನ ಇದ್ದದ್ದಕ್ಕೆ ಕಾರಣವೂ ನಾನೇ.

ಆಗಿನ್ನೂ ನಮ್ಮ ಕಡೆ ಗೋಡೆಯ ಮೇಲಿನ ಕಾಗದ ನೋಡಿ ಯಾರೂ ಯಾರ ಮನೆಯ ಕಾರ್ಯಕ್ಕೂ ಹೋಗುತ್ತಿರಲಿಲ್ಲ. ಮನೆಯಿಂದ ಒಬ್ಬರು ಬಂದು, ಜಗಲಿಯಲ್ಲಿ ಕೂತು, ಇಂಥ ದಿನ ಇಂಥದ್ದಿದೆ, ಎಲ್ಲರೂ ಬರಬೇಕು ಎಂದು ಬಾಯಿಬಿಟ್ಟು ಕರೆಯಬೇಕು. ಅದಕ್ಕೆ ಹೇಳಿಕೆ ಎನ್ನುತ್ತಾರೆ. ಹೇಳಿಕೆ ಬಂದರೆ ಜ್ವರವಿದ್ದರೂ ಮನೆಗೊಬ್ಬರು ಹೋಗುತ್ತಾರೆ. ಬಾರದಿದ್ದರೆ ಪಕ್ಕದ ಮನೆಯಾದರೂ ಹೋಗುವುದಿಲ್ಲ, ಯಾಕೆ ಕರೆಯಲಿಲ್ಲ ಎಂದು ಕೇಳುವುದೂ ಇಲ್ಲ. ಕೇಳುವುದು ಮರ್ಯಾದೆಗೆ ಕಡಿಮೆ.

ಬ್ಯಾಂಡಿನಲ್ಲಿ ಹಾಡುತ್ತಿದ್ದವಳು ವೀಣಕ್ಕ, ನನ್ನ ದೊಡ್ಡಪ್ಪನ ಮಗಳು. ಶಿರಸಿಯಲ್ಲಿ ಕಾಲೇಜು ಓದುತ್ತಿದ್ದಳು. ಗಟ್ಟಿಯಾದ, ತುಸು ಒರಟು ದನಿ. ಅಣ್ಣ ಮತ್ತು ಅವನ ಮೂವರು ಗೆಳೆಯರು ನಮ್ಮ ಹಳೆಯ ಕೊಟ್ಟಿಗೆಯಲ್ಲಿ ತಾಲೀಮು ಮಾಡುವಾಗ ಡ್ರಮ್ಮಿನ ಸದ್ದನ್ನು ದಾಟಿ ಅವಳ ದನಿ ರಸ್ತೆಯವರೆಗೆ ಕೇಳುತ್ತಿತ್ತು. ಹೆಣ್ಣುಮಗಳು ಹೀಗೆ ಕೂಗುವುದೇ ಎಂದು ನೆಂಟರು ಕೇಳಿದ ಮೇಲೆ ದೊಡ್ಡಪ್ಪ ಒಂದು ದಿನ ಚಹಾ ಕುಡಿಯುತ್ತ ತೀರ್ಮಾನ ಹೇಳಿದರು.

“ಊರವ್ವು ಬಂದು ಕುಂತು ಕೇಳಲಿ. ಚೊಲೋ ಇದ್ದು ಹೇಳಿದ್ರೆ ಹಾಡು, ಆನು ಅಡ್ಡ ಬತ್ನಿಲ್ಲೆ. ಇಲ್ದಿದ್ರೆ ಇದೇ ಕೊನೆ.”

ವೀಣಕ್ಕ ಒಪ್ಪಿದಳು. ಕಾರ್ಯಕ್ರಮದ ಹಿಂದಿನ ದಿನ ಅಣ್ಣ ಮತ್ತು ಗೆಳೆಯರು ಯಲ್ಲಾಪುರದಿಂದ ಸ್ಪೀಕರ್ ತರಲು ಹೊರಟರು. ಶಾಲೆಗೆ ರಜೆಯಿತ್ತು. ಮೂವತ್ತು ಮನೆಗಳ ಪಟ್ಟಿ ನನ್ನ ಕೈಗೆ ಬಂತು. ವೀಣಕ್ಕ ನನ್ನ ಜಡೆ ಬಿಚ್ಚಿ ಮತ್ತೆ ಹೆಣೆದು, ಅಬ್ಬಲಿಗೆ ಮುಡಿಸಿ ಕಳಿಸಿದಳು. “ಒಂದು ಮನೆನೂ ಬಿಡಡ, ಕೂಸೇ” ಎಂದಳು.

ಮೊದಲ ಮನೆ ಗೌರಜ್ಜಿಯದು. ಅಜ್ಜಿ ತೊಡದೇವು ಎರೆಯುತ್ತಿದ್ದರು. ಮಗುಚಿಟ್ಟ ಮಡಕೆಯ ಮೈಮೇಲೆ ಕಬ್ಬಿನ ಹಾಲಿನ ಹಿಟ್ಟು ಸವರಿ, ಕಾಗದದಂತೆ ಏಳುವ ಹಾಳೆಯನ್ನು ಮಡಚಿಡುವ ಕೆಲಸ. ಮನೆಯೆಲ್ಲ ತುಪ್ಪ, ಬೆಲ್ಲದ ಪರಿಮಳ.

“ಎಂತ ಕೂಸೇ, ಹೇಳಿಕೆಯಾ? ಅಣ್ಣಂಗೆ ಮದುವೆ ಗಟ್ಟಿ ಆತಾ?”

“ಅಲ್ಲ ಅಜ್ಜಿ. ಗಿಟಾರು, ಡ್ರಮ್ಮು. ವೀಣಕ್ಕ ಹಾಡ್ತು. ನಾಳೆ ಸಂಜೆ ನಾಲ್ಕಕ್ಕೆ ಎಲ್ಲರೂ ಬರಕ್ಕಡ.”

ಜಗಲಿಯಲ್ಲಿ ಎಲೆಯಡಿಕೆಯ ಕವಳ ಹಾಕುತ್ತಿದ್ದ ಅಜ್ಜಿಯ ಮಗ ಕೇಳಿದ: “ಆ ಕೂದಲು ಬಿಟ್ಟವ್ರ ಮೇಳವಾ? ಊಟ ಇದ್ದಾ, ಬರೀ ಕೂಗಾಟವಾ?”

“ಕಿವಿಗೆ ಹತ್ತಿ ಅವ್ವೇ ಕೊಡ್ತ್ವಾ?” ಎಂದಳು ಅವನ ಮಗಳು ಸುಮಾ. ನನ್ನ ತರಗತಿಯವಳೇ. ಎಲ್ಲರೂ ನಕ್ಕರು. ಗೌರಜ್ಜಿಯೂ ಸೆರಗು ಬಾಯಿಗೆ ಹಿಡಿದು ನಕ್ಕರು. ಇದೇ ಮಾತನ್ನು ಇನ್ನೂ ಇಪ್ಪತ್ತೊಂಬತ್ತು ಜಗಲಿಗಳಲ್ಲಿ ಹೇಳಬೇಕಿತ್ತು.

“ಆಲೆಮನೆಗೆ ಹೋಪನಾ?” ಎಂದು ಸುಮಾ ಕೇಳಿದಳು. ಹೋದೆ.

ಗಾಣ ತಿರುಗುತ್ತಿತ್ತು. ಕೊಪ್ಪರಿಗೆಯಲ್ಲಿ ಬೆಲ್ಲ ಕುದಿಯುವ ವಾಸನೆ ಗದ್ದೆಯ ಬಯಲಿಗೆಲ್ಲ ಹರಡಿತ್ತು. ಕಬ್ಬಿನ ಹಾಲು ಕುಡಿದೆವು, ಮಂಡಕ್ಕಿ ತಿಂದೆವು, ಬಾಳೆಲೆಯ ಮೇಲೆ ಬಿಸಿ ನೊರೆಬೆಲ್ಲ ಹಾಕಿಸಿಕೊಂಡು ನೆಕ್ಕಿದೆವು. ಹಿಂಡಿದ ಕಬ್ಬಿನ ಸಿಪ್ಪೆಯ ರಾಶಿಯ ಮೇಲೆ ಯಾರು ದೂರ ಹಾರುತ್ತಾರೆಂದು ಪಂದ್ಯ ನಡೆಯಿತು. ನಾನೇ ಗೆದ್ದೆ. ಪಟ್ಟಿಯನ್ನು ಕೊಪ್ಪರಿಗೆಯ ಒಲೆಗೆ ಹಾಕಿದೆ.

ಸಂಜೆ ವೀಣಕ್ಕ ಕಾಯುತ್ತಿದ್ದಳು. “ಎಲ್ಲ ಮನೆ ಆತಾ?”

“ಆತು.”

“ಎಂತ ಹೇಳಿದ್ವು?”

“ಎಲ್ಲರೂ ಬತ್ವಡ.”

ಮರುದಿನ ನನ್ನ ಅಪ್ಪಯ್ಯ, ಆಯಿ, ದೊಡ್ಡಪ್ಪ, ದೊಡ್ಡಮ್ಮ ಮತ್ತು ನಾನು ನೂರು ಖುರ್ಚಿಗಳ ಮುಂದಿನ ಸಾಲಿನಲ್ಲಿ ಕೂತೆವು. ಬೀಗದ ಕೈ ಇಟ್ಟುಕೊಂಡಿದ್ದ ಸಭಾಭವನದ ಕಾವಲುಗಾರ ಬಾಗಿಲಲ್ಲಿ ನಿಂತಿದ್ದ. ನಾಲ್ಕೂಕಾಲಿಗೆ ಏಳನೆಯವರು ಬಂದರು. ಗೌರಜ್ಜಿ. ಮದುವೆಗೆ ಉಡುವ ರೇಷ್ಮೆ ಸೀರೆ ಉಟ್ಟಿದ್ದರು.

“ಹೇಳಿಕೆ ಬಂದ ಮೇಲೆ ಬರದೆ ಇಪ್ಪಲಾಗ್ತಾ?” ಎಂದು ನನ್ನ ಪಕ್ಕದಲ್ಲೇ ಕೂತರು. ಸುತ್ತ ನೋಡಿದರು. “ಉಳಿದವ್ವು ಎಲ್ಲಿ?”

ಅವರು ಬಂದದ್ದರಿಂದ ಒಂದು ವಿಷಯ ಅಂದೇ ನನಗೆ ಖಚಿತವಾಯಿತು: ನಕ್ಕವರೇ ಬಂದಿದ್ದಾರೆ. ಉಳಿದವರನ್ನು ಕರೆದಿದ್ದರೆ ಅವರೂ ನಗುತ್ತಿದ್ದರು, ಆಮೇಲೆ ಬರುತ್ತಿದ್ದರು.

ಐದು ಗಂಟೆಯವರೆಗೆ ಕಾದು ಶುರು ಮಾಡಿದರು. ವೀಣಕ್ಕ ಏಳು ಹಾಡು ಹಾಡಿದಳು. ಹಾಡುವಾಗ ಬಾಗಿಲನ್ನೇ ನೋಡುತ್ತಿದ್ದಳು. ಮುಗಿದಾಗ ಗೌರಜ್ಜಿ ಒಬ್ಬರೇ ಚಪ್ಪಾಳೆ ತಟ್ಟಿದರು. ದೊಡ್ಡಪ್ಪ ಬೈಯಲಿಲ್ಲ. “ನೋಡಿದೆ ಅಲ್ದನೇ, ತಂಗೀ” ಎಂದಷ್ಟೇ ಮಗಳಿಗೆ ಹೇಳಿ ಖುರ್ಚಿ ಮಡಚಿದರು. ವೀಣಕ್ಕ ಮೈಕನ್ನು ಸ್ಟ್ಯಾಂಡಿಗೆ ಸಿಕ್ಕಿಸಿ ಕೆಳಗಿಳಿದಳು. ಮತ್ತೆ ಎಲ್ಲಿಯೂ ಹಾಡಲಿಲ್ಲ. ಮುಂದಿನ ವರ್ಷ ಸಿದ್ದಾಪುರದ ಕಡೆಗೆ ಮದುವೆಯಾಗಿ ಹೋದಳು.

ಸುಳ್ಳು ಹೊರಬೀಳುತ್ತದೆಂದು ಕೆಲವು ದಿನ ಹೆದರಿದ್ದೆ. ಬೀಳಲಿಲ್ಲ. ಕರೆಯದ್ದಕ್ಕೆ ನೊಂದವರು ಕೇಳಲಿಲ್ಲ. ಬಾರದ್ದಕ್ಕೆ ನೊಂದ ನಮ್ಮ ಮನೆಯವರೂ ಕೇಳಲಿಲ್ಲ. ಎರಡೂ ಕಡೆಯ ಮರ್ಯಾದೆ ನನ್ನನ್ನು ಕಾಪಾಡಿತು.

ಹತ್ತನೆಯ ವರ್ಷದ ಕಾರ್ಯಕ್ರಮದ ಹೊತ್ತಿಗೆ ನಾನು ಪತ್ರಿಕೆಯೊಂದಕ್ಕೆ ಸೇರಿದ್ದೆ. “ಇಂಥ ಸಂಗೀತಕ್ಕೆ ಹಳ್ಳಿ ಆಗ ಸಿದ್ಧವಿರಲಿಲ್ಲ” ಎಂದು ವರದಿಯಲ್ಲಿ ಬರೆದೆ. ಬ್ಯಾಂಡಿನ ಬಗ್ಗೆ ಮುಂದೆ ಬರೆದವರೆಲ್ಲ ಆ ವಾಕ್ಯವನ್ನೇ ಎತ್ತಿಕೊಂಡರು. ಪತ್ರಿಕೆಯಲ್ಲಿ ಯಾರದೋ ಇನಿಷಿಯಲ್ ತಪ್ಪಾದರೂ ಮರುದಿನ ತಿದ್ದುಪಡಿ ಹಾಕಿಸುವವಳು ನಾನು. ಈ ವಾಕ್ಯಕ್ಕೆ ತಿದ್ದುಪಡಿ ಹಾಕಿಸಲಿಲ್ಲ. ಅಷ್ಟರಲ್ಲಿ ದೊಡ್ಡಪ್ಪ ತೀರಿಕೊಂಡರು. ಗೌರಜ್ಜಿಯೂ ಹೋದರು.

ಇಪ್ಪತ್ತೈದನೆಯ ವರ್ಷದ ಕಾರ್ಯಕ್ರಮಕ್ಕೆ ಮೈದಾನ ತುಂಬಿತ್ತು. ಅಣ್ಣ ಎಂದಿನ ಕಥೆ ಹೇಳಿದ. ವೀಣಕ್ಕ ನನ್ನ ಪಕ್ಕ ಕೂತಿದ್ದಳು. ಎಲ್ಲರ ಜೊತೆ ಅವಳೂ ನಕ್ಕಳು. ಮರುವಾರ ಸಿದ್ದಾಪುರಕ್ಕೆ ಹೋಗಿ, ಅವಳ ಅಡುಗೆಮನೆಯಲ್ಲಿ ಕೂತು ನಡೆದದ್ದನ್ನು ಹೇಳಿದೆ. ಗೌರಜ್ಜಿಯ ಮನೆ, ಆಲೆಮನೆ, ಒಲೆಗೆ ಹಾಕಿದ ಪಟ್ಟಿ.

ಅವಳು ಗ್ಯಾಸ್ ಆರಿಸಿದಳು.

“ಮೂವತ್ತರಲ್ಲಿ ಒಂದೇ ಮನೆಯಾ?”

“ಹೌದು.”

“ಆನು ಅವ್ರ ಯಾರ ಮನೆ ಮದುವೆ ಮುಂಜಿಗೂ ಹೋಯ್ದ್ನಿಲ್ಲೆ, ಗೊತ್ತಿದ್ದಾ? ಇಷ್ಟು ವರ್ಷ. ಎದುರಿಗೆ ಸಿಕ್ಕಿದ್ರೆ ಮುಖ ತಿರುಗಿಸ್ತಿದ್ದೆ. ಎನ್ನ ಹಾಡು ಬೇಡಾಗಿತ್ತು ಅವಕ್ಕೆ ಹೇಳಿ.” ಮತ್ತೆ ಕೇಳಿದಳು: “ಎನ್ನ ಅಪ್ಪಯ್ಯಂಗೆ ಹೇಳಿದ್ದೆಯಾ?”

“ಇಲ್ಲೆ.”

ಅವಳು ನನ್ನನ್ನು ಊಟಕ್ಕೆ ಏಳಿಸಿದಳು, ಬಡಿಸಿದಳು. ಬಸ್ಸಿನವರೆಗೆ ಬರಲಿಲ್ಲ.

ಈಗ ನಮ್ಮೂರಿನಲ್ಲಿ ಹೇಳಿಕೆ ವಾಟ್ಸಾಪಿನಲ್ಲಿ ಬರುತ್ತದೆ. ಮೂವತ್ತು ಮನೆಗಳಲ್ಲಿ ಹನ್ನೊಂದಕ್ಕೆ ಬೀಗ ಬಿದ್ದಿದೆ. ವೀಣಕ್ಕ ಹಾಡಿದ ಒಂದು ಹಾಡೂ ಧ್ವನಿಮುದ್ರಣವಾಗಿ ಉಳಿದಿಲ್ಲ. ಆ ದಿನ ಕೇಳಿ, ಆ ದನಿ ಹೇಗಿತ್ತೆಂದು ಹೇಳಬಲ್ಲವರಲ್ಲಿ ಬ್ಯಾಂಡಿನ ನಾಲ್ವರು, ಆಯಿ ಮತ್ತು ನಾನು ಉಳಿದಿದ್ದೇವೆ.

ಕಳೆದ ತಿಂಗಳು ಸುಮಾಳ ಮಗಳ ಮದುವೆ ಊರಿನಲ್ಲೇ ನಡೆಯಿತು. ವೀಣಕ್ಕ ಬಂದಿದ್ದಳು. ಊರಿನ ಹೆಂಗಸರ ಪಂಕ್ತಿಯಲ್ಲಿ ಊಟಕ್ಕೆ ಕೂತಳು. ಅವರೊಂದಿಗೆ ಸಂಜೆಯವರೆಗೆ ಇದ್ದಳು. ನನ್ನ ಜೊತೆ ಮಾತಾಡಲಿಲ್ಲ.